ದವನದ ಎಣ್ಣೆಗೆ ಕೊಯ್ಲು ಯಾವಾಗ? ಕಡ್ಡಿ ಸಮೇತ ಬಟ್ಟಿ ಇಳಿಸುವ ಹಂಡೆಗೆ ಹಾಕಬಹುದಾ?

ಹೊಸ ಬೆಳೆಗಾರ, ಮಾಲೂರು: ನವೆಂಬರ್ ನಡುವಲ್ಲಿ ಒಂದೆಕರೆ ದವನ ನಾಟಿಯಾಗಿದೆ. ಈಗ ಫೆಬ್ರವರಿ ಕೊನೆ, ಅಲ್ಲಲ್ಲಿ ಹೂ ಬಿರಿದಿದೆ. ಎಣ್ಣೆಗೆ ಈಗಲೇ ಕೊಯ್ಯಲಾ, ಇನ್ನೂ ಹತ್ತು ದಿನ ಬಿಡಲಾ? ಬುಡದ ಕಡ್ಡಿ ಸೇರಿಸಿದರೆ ನಷ್ಟವಾ? ಅನುಭವ ಇದ್ದವರು ಹೇಳಿ.

ಹಂಡೆಮನೆ: ಅಲ್ಲಲ್ಲಿ ಬಿರಿದಿದೆ ಅಂದರೆ ಇನ್ನೂ ಬೇಗ. ಮಡಿಯಲ್ಲಿ ಹೂತಲೆಗಳು ಅರ್ಧಕ್ಕಿಂತ ಹೆಚ್ಚು ತೆರೆದು ಹಳದಿ ಕಾಣಬೇಕು. ಎಣ್ಣೆಯ ಗ್ರಂಥಿಗಳು ಹೂತಲೆಯಲ್ಲೇ ಜಾಸ್ತಿ, ಎಲೆಯಲ್ಲಿ ಅದಕ್ಕಿಂತ ಕಡಿಮೆ, ಬಲಿತ ಕಡ್ಡಿಯಲ್ಲಿ ಹೆಸರಿಗಷ್ಟೇ. ಹಸಿ ಸೊಪ್ಪಿಗೆ ಸುಮಾರು 0.2 ಪರ್ಸೆಂಟ್ ಲೆಕ್ಕ ಹಿಡಿಯಿರಿ: 500 ಕೆಜಿ ಹಂಡೆಗೆ ಒಂದು ಕೆಜಿ ಎಣ್ಣೆ. ಬುಡಕ್ಕೇ ಕೊಯ್ದು ತುಂಬಿಸಿ, ಅದರಲ್ಲಿ 200 ಕೆಜಿ ಬರೀ ಕಡ್ಡಿ ಅನ್ನಿ. ಸೌದೆ ಅಷ್ಟೇ, ತಣ್ಣೀರು ಅಷ್ಟೇ, ರಾತ್ರಿ ಕಾಯುವ ಆಳು ಅಷ್ಟೇ, ಎಣ್ಣೆ ಮಾತ್ರ 600 ಗ್ರಾಮಿನ ಆಸುಪಾಸು. ನೆಲದಿಂದ ಒಂದು ಗೇಣು ಬಿಟ್ಟು ಕುಡುಗೋಲು ಹಾಕಿ. ನೆರಳಲ್ಲಿ ತೆಳ್ಳಗೆ ಹರವಿ ಬಾಡಿಸಿ, ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೊಳೆಯುತ್ತೆ. ಆರು ಗಂಟೆ ಕಾಲ ಬೇಯುವ ಮೊದಲು ಉರಿ ತೆಗೀಬೇಡಿ. ಎಣ್ಣೆಯಲ್ಲಿ ಲಿನಲೂಲ್‌ನಂಥ ಹಗುರ ಭಾಗ ಮೊದಲೇ ಇಳಿಯುತ್ತೆ, ಬೆಲೆ ತರುವ ದವನೋನ್ ಅನ್ನೋ ಘಟಕ ನಿಧಾನಕ್ಕೆ ಬರುತ್ತೆ. ಎರಡೇ ಗಂಟೆ ಬೇಯಿಸಿ ಹಂಡೆ ಬಿಚ್ಚುವವರು ಅಸಲು ಮಾಲನ್ನು ಸಿಪ್ಪೆಯ ಜೊತೆ ಗುಂಡಿಗೆ ಸುರೀತಾರೆ.

ಹೂಮಂಡಿ: ಎಣ್ಣೆಯ ಹುಚ್ಚು ಯಾಕೆ ಬೇಕು ಅಂತ? ಮಾಲೆಗೆ ಹೋಗುವ ದವನವನ್ನ ಹೂ ಬಿರಿಯುವ ಮೊದಲೇ ಎಳೆಯದಾಗಿ ಕೊಯ್ಯಬೇಕು, ಬೆಳಗಿನ ಜಾವ, ಇಬ್ಬನಿ ಆರುವ ಮುಂಚೆ. ಕಟ್ಟು ಕಟ್ಟಿ ಒದ್ದೆ ಗೋಣಿ ಸುತ್ತಿದರೆ ಅದೇ ದಿನ ಕಾಸು. ದವನದ ಹುಣ್ಣಿಮೆ ಹತ್ತಿರ ಬಂದಂತೆ ಕೇಳುವವರೂ ಹೆಚ್ಚು. ಸೌದೆ ಇಲ್ಲ, ಹಬೆ ತಣಿಸುವ ಕಂಡೆನ್ಸರ್ ಇಲ್ಲ.

ಹಂಡೆಮನೆ: ಅವರು ಕೇಳಿದ್ದು ಎಣ್ಣೆ, ನೀವು ಮಾಲೆ ಮಾರ್ತಿದ್ದೀರ. ಒಂದೆಕರೆ ದವನ ಒಟ್ಟಿಗೆ ಮಂಡಿಗೆ ಬಂದರೆ ಅವತ್ತಿನ ಬೆಲೆ ಏನಾಗುತ್ತೆ ಅದನ್ನೂ ಹೇಳಿ.

ಹೂಮಂಡಿ: ಒಂದೇ ದಿನ ತರೋದು ಯಾರು ಸ್ವಾಮಿ? ಹದಿನೈದು ದಿನದ ಅಂತರದಲ್ಲಿ ಮೂರು ಮಡಿ ನಾಟಿ ಮಾಡ್ತಾರೆ. ಗೊತ್ತಿಲ್ಲದೆ ಮಾತಾಡಬೇಡಿ.

ಕರಾವಳಿ ಲಾವಂಚ: ದವನದವರಿಗೆ ಹತ್ತು ದಿನದ ಚಿಂತೆ, ನಮಗೆ ಹದಿನೈದು ಹದಿನೆಂಟು ತಿಂಗಳ ಕಾಯುವಿಕೆ. ಲಾವಂಚದಲ್ಲಿ ಎಣ್ಣೆ ಇರೋದು ಬೇರಲ್ಲಿ, ಹುಲ್ಲಿನಿಂದ ಏನೂ ಬರಲ್ಲ. ವರ್ಷ ತುಂಬುವ ಮೊದಲು ಅಗೆದರೆ ಎಣ್ಣೆ ಕಡಿಮೆ, ತೆಳು, ಹಸಿ ಮಣ್ಣಿನ ವಾಸನೆ. ಎರಡು ವರ್ಷ ದಾಟಿದರೆ ಬೇರು ಕಟ್ಟಿಗೆಯಾಗಿ ಇಳುವರಿ ಬೀಳುತ್ತೆ. ಮಳೆ ನಿಂತು ನೆಲ ಒಣಗಿದ ಮೇಲೆ ಅಗೆಯಿರಿ. ಕೂಲಿ ಕೇಳಲೇಬೇಡಿ: ಅಗೆಯುವುದಕ್ಕೆ, ಬಡಿಯುವುದಕ್ಕೆ, ತೊಳೆಯುವುದಕ್ಕೆ, ಕತ್ತರಿಸುವುದಕ್ಕೆ ಬೇರೆ ಬೇರೆ ಆಳು. ತುಂಡರಿಸಿ, ನೆನೆಸಿ, ಹದಿನೈದು ಇಪ್ಪತ್ತು ಗಂಟೆ ಬೇಯಿಸಬೇಕು. ಎಣ್ಣೆಯ ತೂಕ ಹೆಚ್ಚುಕಡಿಮೆ ನೀರಿನಷ್ಟೇ. ಕಂಡೆನ್ಸರ್ ತೀರಾ ತಣ್ಣಗಿಟ್ಟರೆ ಗಟ್ಟಿಯಾಗಿ ನೀರಿನ ನಡುವೆ ತೇಲಾಡುತ್ತೆ, ಮೇಲೆ ತೇಲಿದ್ದನ್ನಷ್ಟೇ ತೆಗೆದವರು ಉಳಿದದ್ದನ್ನ ಮೋರಿಗೆ ಬಿಡ್ತಾರೆ. ಆರು ಗಂಟೆಗೆ ಸುಸ್ತಾಗುವವರು ಲಾವಂಚದ ಹತ್ತಿರ ಬರಬಾರದು.

ಜಿಸಿ (ಎಣ್ಣೆಯ ಘಟಕ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ) ನೋಡುವವ: ಹಂಡೆಮನೆಯವರು ಅರ್ಧ ಹೇಳಿ ಬಿಟ್ಟಿದ್ದಾರೆ. ಹೂ ತುಂಬಿದಾಗ ಎಣ್ಣೆಯ ಪ್ರಮಾಣ ಹೆಚ್ಚು, ಸರಿ. ಆದರೆ ಬೀಜ ಕಟ್ಟುವತ್ತ ಹೋದ ಹಾಗೆ ದವನೋನ್, ಲಿನಲೂಲ್ ಇಳಿಯುತ್ತವೆ, ಸಿನ್ನಮೇಟ್‌ಗಳು, ದವನ ಈಥರ್ ಅನ್ನೋ ಬೇರೆ ಘಟಕಗಳು ಏರುತ್ತವೆ. ಕೊಳ್ಳುವವರು ದವನೋನ್ ನೋಡಿ ದರ ಕಟ್ಟಿದರೆ ತಡಮಾಡಿದವರ ಡಬ್ಬ ವಾಪಸ್. ಹತ್ತು ದಿನ ಅಂತ ಕ್ಯಾಲೆಂಡರ್ ನೋಡಬೇಡಿ. ಮಾರ್ಚ್ ಬಿಸಿಲು ಜೋರಾದರೆ ಕೊಯ್ಲಿನ ಹದ ಐದೇ ದಿನದಲ್ಲಿ ದಾಟಿಹೋಗಬಹುದು. ಹೂತಲೆ ಬೆರಳಲ್ಲಿ ಉಜ್ಜಿ: ಪುಡಿಯಾಗಿ ಗಟ್ಟಿ ಕಾಳು ಸಿಕ್ಕರೆ ಹೊತ್ತು ಮೀರಿದೆ.

ಹಂಡೆಮನೆ: ನಾನು ಬೀಜ ಕಟ್ಟುವ ತನಕ ಬಿಡಿ ಅಂತ ಎಲ್ಲಿ ಹೇಳಿದೆ? ಅರ್ಧಕ್ಕಿಂತ ಹೆಚ್ಚು ಬಿರಿದಾಗ ಅಂದೆ. ಓದಿ ಆಮೇಲೆ ತಿದ್ದಿ.

ತುಳಸಿತೋಟ: ತುಳಸಿಯಲ್ಲೂ ಇದೇ ಜಗಳ. ಪೂರ್ತಿ ಕದಿರು ಬಂದಾಗ ಕೊಯ್ಯಬೇಕು, ನಾಟಿಯಾಗಿ 90 ದಿನದ ಸುಮಾರಿಗೆ, ನೆಲದಿಂದ 15–20 ಸೆಂ.ಮೀ. ಬಿಟ್ಟು, ಒಣ ಬಿಸಿಲಿನ ದಿನ. ಮಳೆ ಬಿದ್ದ ಮರುದಿನ ಕೊಯ್ದರೆ ತೂಕ ನೀರಿನದು. ತುಳಸಿಯ ಹಾಗೆ ಯುಜಿನಾಲ್ ಅನ್ನೋ ಘಟಕ ಇರುವ ಎಣ್ಣೆಗೆ ಕಬ್ಬಿಣದ ಡ್ರಮ್ ಬೇಡವೇ ಬೇಡ, ಬಣ್ಣ ಕಪ್ಪಿಡುತ್ತೆ. ಸ್ಟೀಲ್ ಹಂಡೆ, ಗಾಜಿನ ಬಾಟಲಿ. ಯುಜಿನಾಲ್ ನೀರಲ್ಲಿ ಒಂದಿಷ್ಟು ಕರಗುವುದರಿಂದ ಇಳಿದ ನೀರನ್ನ ಮತ್ತೆ ಹಂಡೆಗೆ ಹಾಕಬೇಕು.

ಕರಾವಳಿ ಲಾವಂಚ: ಸ್ಟೀಲ್ ಹಂಡೆಯ ರೇಟು ಗೊತ್ತಾ? ಸಣ್ಣ ಬೆಳೆಗಾರರು ಕಬ್ಬಿಣದಲ್ಲೇ ಮಾಡೋದು.

ತುಳಸಿತೋಟ: ಹಾಗೆ ಮಾಡಿದ ಎಣ್ಣೆಯನ್ನ ಯಾವ ದರಕ್ಕೆ ಕೊಟ್ಟಿರಿ ಅದನ್ನ ಬರೀರಿ. ದಾಲ್ಚಿನ್ನಿ ಎಲೆ ಬೇಯಿಸುವವರನ್ನೂ ಕೇಳಿ. ಅದರ ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್, ಬೇರಿನ ತೊಗಟೆಯಲ್ಲಿ ಕರ್ಪೂರ, ಎಲೆಯಲ್ಲಿ ನಮ್ಮ ಥರಾನೇ ಯುಜಿನಾಲ್. ಕಬ್ಬಿಣ ಅಂದರೆ ಅವರೂ ದೂರ.

ಹೊಸ ಬೆಳೆಗಾರ, ಮಾಲೂರು: ಹೂತಲೆ ಉಜ್ಜಿ ನೋಡಿದೆ, ಕಾಳು ಇಲ್ಲ, ಇನ್ನೂ ಮೆತ್ತಗಿದೆ. ಬಾಡಿಸೋದು ಎಷ್ಟು ದಿನ?

ಹಂಡೆಮನೆ: ಎಲೆ ಜೋತು ಬಿದ್ದು ಕಡ್ಡಿ ಬಗ್ಗುವಷ್ಟು. ಮುರಿಯುವ ತನಕ ಬಿಟ್ಟರೆ ಹೂ ಉದುರಿ ಟಾರ್ಪಾಲಿನ ಮೇಲೆ ಉಳಿಯುತ್ತೆ.

ಹೂಮಂಡಿ: ಬಾಡಿಸೋ ಜಾಗಕ್ಕೆ ಬಾಡಿಗೆ ಯಾರು ಕೊಡ್ತಾರೆ ಅಂತ ಇನ್ನೂ ಯಾರೂ ಹೇಳಿಲ್ಲ.