ಬೆನ್ನುಹುರಿ ಪೆಟ್ಟು: ಟೆಸ್ಟಲ್ಲಿ ಮುಂದೆ ನಡೀತಾರಾ ಅಂತ ಗೊತ್ತಾಗುತ್ತಾ?

ಸೋಮವಾರಪೇಟೆಯವ: ಸಿಲ್ವರ್ ಓಕ್‌ಗೆ ಏಣಿ ಹಾಕಿ ಕರಿಮೆಣಸು ಕುಯ್ತಿದ್ದ ಭಾವ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ, ಕಾಲು ಆಡ್ತಿಲ್ಲ, ಡಾಕ್ಟ್ರು ಎಸ್‌ಎಸ್‌ಇಪಿ, ಎಂಇಪಿ ಮಾಡಿಸಿ ಅಂತಾರೆ. ಏನದು?

ಮಡಿಕೇರಿ ಫಿಸಿಯೋ: ಮೊದಲನೇದ್ರಲ್ಲಿ ಹಿಮ್ಮಡಿ ಹತ್ರದ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಿಗ್ನಲ್ ಮಿದುಳಿಗೆ ಮುಟ್ತಾ ಅಂತ ತಲೆ ಮೇಲಿನ ಎಲೆಕ್ಟ್ರೋಡಲ್ಲಿ ನೋಡ್ತಾರೆ, ಎಂಇಪಿ ಅದರ ಉಲ್ಟಾ, ತಲೆ ಹತ್ರ ಮ್ಯಾಗ್ನೆಟ್ ಹಿಡಿದು ಕಾಲಿನ ಸ್ನಾಯುಲಿ ನೋಡೋದು. ಸಿಗ್ನಲ್ ಬಂದ್ರೆ ಒಳ್ಳೇ ಲಕ್ಷಣ, ಬರ್ಲಿಲ್ಲ ಅಂದ್ರೆ ಎಲ್ಲಾ ಮುಗೀತು ಅಂತಲ್ಲ. ನನ್ನ ಕೇಳಿದ್ರೆ ಪಿನ್ ಚುಚ್ಚಿ ನೋಡೋ ಪರೀಕ್ಷೆನೇ ಮೇನ್, ಗುದದ ಸುತ್ತ ಚುಚ್ಚಿದ್ದು ಗೊತ್ತಾದ್ರೆ ಚಾನ್ಸ್ ಜಾಸ್ತಿ.

ವಿರಾಜಪೇಟೆ ನರ್ಸ್: ಹೌದಣ್ಣ, ಆದ್ರೆ ಬಿದ್ದ ದಿನ ಮಾಡಿದ ಪಿನ್ ಪರೀಕ್ಷೆ ನಂಬ್ಬೇಡಿ, 72 ಗಂಟೆ ಆದ್ಮೇಲೆ ಪರೀಕ್ಷೆ ಮಾಡಿ ಪೆಟ್ಟು ಎಷ್ಟು ಜೋರು ಅಂತ ಕೊಡೋ ಗ್ರೇಡ್ ಕೇಳಿ, ಎ ಇಂದ ಇ ವರೆಗೆ ಇರುತ್ತೆ, ಎ ಅಂದ್ರೆ ಕಷ್ಟ. ಪೇಸ್‌ಮೇಕರ್ ಇದ್ರೆ ಎಂಇಪಿಗೆ ಮುಂಚೆನೇ ಹೇಳ್ಬಿಡಿ.