ದೊಡ್ಡಪ್ಪನ ವಾಚ್ ರಿಪೇರಿ ಪೆಟ್ಟಿಗೆಯಲ್ಲಿರುವ ಈ ಉಪಕರಣಗಳು ಯಾವುವು?

ಪ್ರಶ್ನೆ: ತುಮಕೂರಿನವಳು

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪ ತುಮಕೂರಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ವಾಚ್ ರಿಪೇರಿ ಅಂಗಡಿ ನಡೆಸಿದವರು. ಅವರಿಗೆ ಕೆಲಸ ಕಲಿಸಿದ ಗುರುಗಳು ತಮ್ಮ ಪೆಟ್ಟಿಗೆಯನ್ನೂ ಅವರಿಗೇ ಬಿಟ್ಟುಹೋಗಿದ್ದರಂತೆ. ದೊಡ್ಡಪ್ಪ ತೀರಿಕೊಂಡ ಮೇಲೆ ಎರಡು ಪೆಟ್ಟಿಗೆಗಳೂ ನಮ್ಮ ಮನೆಗೆ ಬಂದಿವೆ. ಚಿಮಟ, ಸಣ್ಣ ಸ್ಕ್ರೂಡ್ರೈವರುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸು, ಹಿಂಬದಿಯ ಮುಚ್ಚಳ ತೆಗೆಯುವ ಚಾಕು ಇವನ್ನೆಲ್ಲ ಚಿಕ್ಕಂದಿನಿಂದ ನೋಡಿದ್ದರಿಂದ ಗುರುತಿಸಿದೆ. ಉಳಿದವುಗಳ ಹೆಸರಾಗಲಿ ಉಪಯೋಗವಾಗಲಿ ಮನೆಯಲ್ಲಿ ಯಾರಿಗೂ ತಿಳಿದಿಲ್ಲವಾದ್ದರಿಂದ, ಕಂಡಷ್ಟನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಒಂದು ದುಂಡನೆಯ ಮರದ ಪೆಟ್ಟಿಗೆಯಲ್ಲಿ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪಗಿರುವ ಉಕ್ಕಿನ ಕಡ್ಡಿಗಳು ಸಾಲಾಗಿ ನಿಂತಿವೆ. ಕೆಲವಕ್ಕೆ ತುದಿಯಲ್ಲಿ ರಂಧ್ರ, ಕೆಲವಕ್ಕೆ ಚಪ್ಪಟೆ, ಕೆಲವಕ್ಕೆ ಗುಂಡು. ನಡುವೆ ಬಾಗಿದ ಕತ್ತಿನ ಒಂದು ಸ್ಟ್ಯಾಂಡು ಇದೆ. ಇನ್ನೊಂದು, ಹಿಡಿಕೆ ಒತ್ತಿದರೆ ಕೆಳಗಿಳಿಯುವ ಪುಟ್ಟ ಪ್ರೆಸ್ಸು; ಅದರ ಜೊತೆಗಿರುವ ಸಣ್ಣ ಬ್ಲೇಡುಗಳ ಮೇಲೆ 69, 79, 89, 99 ಎಂದು ಕೊರೆದಿದೆ. ಎಲ್ಲವೂ ಒಂಬತ್ತರಲ್ಲೇ ಏಕೆ ಮುಗಿಯುತ್ತವೆ ಎಂಬುದು ನನಗೆ ಬಗೆಹರಿಯಲಿಲ್ಲ.

ಗುರುಗಳ ಹಳೆಯ ಪೆಟ್ಟಿಗೆಯಲ್ಲಿರುವುವು ಇನ್ನೂ ವಿಚಿತ್ರವಾಗಿವೆ. ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಎರಡು ಹಿತ್ತಾಳೆಯ ಇಕ್ಕಳಗಳಿವೆ. ಎರಡು ಹಿತ್ತಾಳೆ ಚೌಕಟ್ಟುಗಳು ಪುಸ್ತಕದ ರಟ್ಟುಗಳಂತೆ ಕೂಡಿಕೊಂಡಿರುವ ಒಂದು ಸಾಧನವಿದೆ. ಪಕ್ಕದ ಸ್ಕ್ರೂ ತಿರುಗಿಸಿದರೆ ಅದರ ಬಾಯಿ ಅಗಲವಾಗುತ್ತದೆ, ಪ್ರತಿ ಚೌಕಟ್ಟಿನಲ್ಲೂ ಎದುರುಬದುರಾಗಿ ಎರಡು ಚೂಪು ಕಡ್ಡಿಗಳಿವೆ. ಕೊನೆಯದಾಗಿ, ಗೇಣುದ್ದವೂ ಇಲ್ಲದ ಲೇತಿನಂಥ ಒಂದು ವಸ್ತು. ಅದರ ಒಂದು ತುದಿಯ ಉರುಳೆಯ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿವೆ. ಅದರೊಂದಿಗೆ, ಆಟಿಕೆಯೆಂದು ನಾವು ಪಕ್ಕಕ್ಕಿಟ್ಟಿದ್ದ, ಕೂದಲು ಕಟ್ಟಿದ ಒಂದು ಬಿದಿರಿನ ಬಿಲ್ಲೂ ಇದೆ. ತಳದಲ್ಲಿ ಕಂದು ಪುಡಿಯಿರುವ ಒಂದು ಗಾಜಿನ ಸೀಸೆ ಸಿಕ್ಕಿತು. ಎಲ್ಲವನ್ನೂ ಈ ಭಾನುವಾರ ತೊಳೆದು ಹೊಳಪು ಮಾಡಬೇಕೆಂದಿದ್ದೇನೆ.

ಉತ್ತರ: ಕೀಲಿಕೈ

ಅಮ್ಮಾ, ಮೊದಲು ಸುಲಭವಾದವನ್ನು ಹೇಳಿಬಿಡುತ್ತೇನೆ. ದುಂಡು ಪೆಟ್ಟಿಗೆಯಲ್ಲಿರುವುದು ಸ್ಟೇಕಿಂಗ್ ಸೆಟ್. ಸ್ಟ್ಯಾಂಡಿನ ಕೆಳಗಿನ ತಟ್ಟೆಯಲ್ಲಿ ಬೇರೆ ಬೇರೆ ಅಳತೆಯ ರಂಧ್ರಗಳಿರುತ್ತವೆ. ಬೇಕಾದ ರಂಧ್ರವನ್ನು ಪಂಚಿನ (ನೀವು ಹೇಳಿದ ಉಕ್ಕಿನ ಕಡ್ಡಿಯ) ನೇರಕ್ಕೆ ತಂದು ಬಿಗಿದರೆ, ಮೇಲಿಂದ ಕೊಟ್ಟ ಏಟು ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ಬ್ಯಾಲೆನ್ಸ್ ವೀಲಿಗೆ, ಅಂದರೆ ಹಿಂದೆ ಮುಂದೆ ತೂಗಾಡುತ್ತ ವಾಚಿನ ವೇಗ ಕಾಯುವ ಚಕ್ರಕ್ಕೆ, ಹೊಸ ಅಚ್ಚು (ನಡುವಿನ ಸಣ್ಣ ದಂಡ) ಕೂರಿಸಿ ರಿವೆಟ್ ಮಾಡಲು ಇಂದಿಗೂ ಇದೇ ಬೇಕು.

ಪ್ರೆಸ್ಸು ಎಂದಿರಲ್ಲ, ಅದು ಜ್ಯುವೆಲ್, ಅಂದರೆ ಚಕ್ರದ ಅಚ್ಚಿನ ತುದಿ ತಿರುಗುವ ಪುಟ್ಟ ಕಲ್ಲನ್ನು, ಕೂರಿಸುವ ಸಾಧನ. ಸ್ವಿಟ್ಜರ್ಲೆಂಡಿನ ಸೈಟ್ಜ್ ಹೆಸರಿನಿಂದ ಅದು ಪ್ರಸಿದ್ಧ. ಒಂಬತ್ತರ ರಹಸ್ಯ ಸರಳವಾಗಿದೆ. ನೀವು ಬ್ಲೇಡು ಎಂದದ್ದು ರಂಧ್ರವನ್ನು ನಿಖರ ಅಳತೆಗೆ ತರುವ ರೀಮರು. ಜ್ಯುವೆಲ್ಲಿನ ಹೊರ ಅಳತೆ 0.90 ಮಿಲಿಮೀಟರ್ ಇದ್ದರೆ ರಂಧ್ರವನ್ನು 0.89ಕ್ಕೆ ಕೊರೆಯುತ್ತಾರೆ, ಆ ನೂರನೇ ಒಂದು ಭಾಗದ ಬಿಗಿತದಲ್ಲೇ, ಅಂಟಿಲ್ಲದೆ ಸ್ಕ್ರೂ ಇಲ್ಲದೆ, ಕಲ್ಲು ವಾಚಿನ ಯಂತ್ರವನ್ನು ಹೊತ್ತ ಲೋಹದ ಪ್ಲೇಟಿನಲ್ಲಿ ನಿಲ್ಲುತ್ತದೆ. ಎಷ್ಟು ಆಳಕ್ಕೆ ಒತ್ತಬೇಕೆಂಬುದನ್ನು ಮೇಲಿರುವ ಮೈಕ್ರೋಮೀಟರ್ ಸ್ಕ್ರೂ ನಿರ್ಧರಿಸುತ್ತದೆ. ರೀಮರುಗಳಲ್ಲಿ ಒಂದೂ ಕಳೆಯದಂತೆ ನೋಡಿಕೊಳ್ಳಿ, ಸೆಟ್ಟಿನ ಬೆಲೆಯೆಲ್ಲ ಅವುಗಳಲ್ಲೇ ಇದೆ.

ಎಂಟರ ಆಕಾರದವು ಬ್ಯಾಲೆನ್ಸ್ ವೀಲಿನ ಸೊಟ್ಟ ನೋಡುವ ಟ್ರೂಯಿಂಗ್ ಕ್ಯಾಲಿಪರುಗಳು. ಒಂದು ದೊಡ್ಡದು, ಒಂದು ಚಿಕ್ಕದು ಇರಬೇಕು. ಚೌಕಟ್ಟಿನ ಸಾಧನವೂ ಅದೇ ಜಾತಿಯದೆಂದು ತೋರುತ್ತದೆ.

ಉತ್ತರ: ಹಳೆಯ ಮುಳ್ಳು

ಕೀಲಿಕೈಯವರು ಹೇಳಿದ್ದರಲ್ಲಿ ಮೊದಲೆರಡು ಸರಿ. ಕೊನೆಯ ಸಾಲುಗಳನ್ನು ಒಪ್ಪಲಾರೆ.

ಅದಕ್ಕೂ ಮುನ್ನ ಒಂದು ವಿನಂತಿ: ದಯವಿಟ್ಟು ಭಾನುವಾರ ಏನನ್ನೂ ತೊಳೆಯಬೇಡಿ. ಹಳೆಯ ಸಲಕರಣೆಯನ್ನು ಆಕಾರದಿಂದ ಗುರುತಿಸುವುದಕ್ಕಿಂತ ಅದು ಎಲ್ಲಿ ಸವೆದಿದೆ, ಎಲ್ಲಿ ಎಣ್ಣೆ ಕಟ್ಟಿದೆ, ಎಲ್ಲಿ ಅಂಕಿ ಕೊರೆದಿದೆ ಎಂಬುದರಿಂದ ಗುರುತಿಸುವುದೇ ಹೆಚ್ಚು. ನಾನೇ ಒಮ್ಮೆ ಹಿತ್ತಾಳೆಯ ಗೇಜೊಂದಕ್ಕೆ ಹುಣಸೆಹಣ್ಣು ಹಚ್ಚಿ, ದೇವರ ದೀಪದಂತೆ ಬೆಳಗಿ, ಅದರ ಅಂಕಿಗಳನ್ನೆಲ್ಲ ಅಳಿಸಿಕೊಂಡು ಕುಳಿತವನು.

ಈಗ ಎಂಟರ ಆಕಾರದ ಜೋಡಿಗೆ ಬರೋಣ. ಹಿಡಿಯುವ ತುದಿಗಳನ್ನು ಐಗ್ಲಾಸಿನಲ್ಲಿ ನೋಡಿ. ಎದುರುಬದುರಾಗಿ ಸೂಜಿಮೊನೆಯಂಥ ಕುಳಿಗಳಿದ್ದರೆ ಅದು ಟ್ರೂಯಿಂಗ್ ಕ್ಯಾಲಿಪರು: ಬ್ಯಾಲೆನ್ಸಿನ ಎರಡು ಪಿವಟ್ಟುಗಳನ್ನು (ಅಚ್ಚಿನ ಸಣ್ಣ ತುದಿಗಳನ್ನು) ಆ ಕುಳಿಗಳಲ್ಲಿಟ್ಟು ಮೆಲ್ಲಗೆ ತಿರುಗಿಸಿದರೆ, ಚಕ್ರದ ಅಂಚು ಮೇಲೆ ಕೆಳಗೆ ಓಲಾಡುತ್ತಿದೆಯೇ ಎಂಬುದು ಕಾಣುತ್ತದೆ. ತುದಿಗಳು ಚಪ್ಪಟೆ ದವಡೆಗಳಾಗಿದ್ದು, ಇನ್ನೊಂದು ಬದಿಯಲ್ಲಿ ಬಾಗಿದ ಪಟ್ಟಿಯ ಮೇಲೆ ಗೆರೆಗಳಿದ್ದರೆ ಅದು ಅಳತೆಯ ಗೇಜು. ಗೆರೆಗಳಿದ್ದ ಮಾತ್ರಕ್ಕೆ ಅವು ಮಿಲಿಮೀಟರಿನವೆಂದು ನಂಬಬೇಡಿ. ಹಳೆಯ ಗಡಿಯಾರದವರು ಲಿನ್ಯ ಎಂಬ ಫ್ರೆಂಚ್ ಅಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಒಂದು ಲಿನ್ಯ ಸುಮಾರು 2.256 ಮಿಲಿಮೀಟರ್, ಅದರ ಹನ್ನೆರಡನೇ ಒಂದು ಭಾಗ ದೂಜಿಯೆಮ್, ಅಂದರೆ ಸುಮಾರು 0.188 ಮಿಲಿಮೀಟರ್. ವಾಚಿನ ಯಂತ್ರದ ಗಾತ್ರವನ್ನು ಇಂದಿಗೂ ಹನ್ನೊಂದೂವರೆ ಲಿನ್ಯ ಎಂದು ಹೇಳುವುದು ಆ ಕಾಲದ ಉಳಿಕೆಯೇ. ಪರೀಕ್ಷೆ ಹೀಗಿದೆ: 2 ಮಿಲಿಮೀಟರಿನ ಡ್ರಿಲ್ ಬಿಟ್ಟಿನ ನಯವಾದ ಭಾಗವನ್ನು ದವಡೆಗಳ ನಡುವೆ ಹಿಡಿಯಿರಿ. ಮುಳ್ಳು 20ರ ಮೇಲೆ ನಿಂತರೆ ಮಿಲಿಮೀಟರಿನ ಹತ್ತನೇ ಭಾಗಗಳ ಗೇಜು. 10 ಮತ್ತು 11ರ ನಡುವೆ ನಿಂತರೆ ದೂಜಿಯೆಮ್ ಗೇಜು.

ರಟ್ಟಿನಂತೆ ತೆರೆಯುವ ಚೌಕಟ್ಟು ಕ್ಯಾಲಿಪರಲ್ಲ, ಡೆಪ್ತಿಂಗ್ ಟೂಲು. ಒಂದು ಜೋಡಿ ಕಡ್ಡಿಗಳ ನಡುವೆ ಚಕ್ರವನ್ನೂ ಇನ್ನೊಂದರ ನಡುವೆ ಪಿನಿಯನ್ನನ್ನೂ (ಸಣ್ಣ ಹಲ್ಲುಚಕ್ರವನ್ನೂ) ನಿಲ್ಲಿಸಿ, ಹಲ್ಲಿಗೆ ಹಲ್ಲು ಹಿತವಾಗಿ ಕೂಡುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ಆಮೇಲೆ ಕಡ್ಡಿಗಳ ಹೊರಮೊನೆಗಳಿಂದ ಆ ಅಂತರವನ್ನು ಪ್ಲೇಟಿನ ಮೇಲೆ ಗೀರಿ, ಅಲ್ಲಿ ರಂಧ್ರ ಕೊರೆಯುತ್ತಾರೆ. ಹಲ್ಲುಗಳು ತೀರ ಆಳಕ್ಕಿಳಿದರೆ ವಾಚು ಸಿಕ್ಕಿಕೊಳ್ಳುತ್ತದೆ. ತೀರ ಮೇಲಿದ್ದರೆ ಮೊನೆಗಳಷ್ಟೇ ತಾಗಿ ಸವೆಯುತ್ತವೆ.

ಇನ್ನು ಬಿಲ್ಲು. ಅದು ಆಟಿಕೆಯಲ್ಲ, ಇಡೀ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದೇ ಅದು. ಪಕ್ಕದ ಪುಟ್ಟ ಯಂತ್ರದ ಹೆಸರು ಜಾಕೋ ಟೂಲ್. ಕೈಗಡಿಯಾರದ ಬ್ಯಾಲೆನ್ಸ್ ಪಿವಟ್ಟಿನ ದಪ್ಪ 0.1 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದು ಒರಟಾದಾಗ ಉರುಳೆಯ ಮೇಲಿನ ತಕ್ಕ ಗೀರಿನಲ್ಲಿ ಮಲಗಿಸುತ್ತಾರೆ. ಪಿವಟ್ಟಿನ ಅರ್ಧ ಗೀರಿನೊಳಗೆ, ಅರ್ಧ ಮೇಲೆ. ಎಡಗೈಯ ಬಿಲ್ಲಿನ ಎಳೆತದಿಂದ ಅದು ಒಂದು ದಿಕ್ಕಿಗೆ ಸುತ್ತುತ್ತಿರುವಾಗ ಬಲಗೈಯ ಬರ್ನಿಷರನ್ನು (ನಯಗೊಳಿಸುವ ಗಟ್ಟಿ ಉಕ್ಕಿನ ಪಟ್ಟಿಯನ್ನು) ಅದರ ಎದುರು ದಿಕ್ಕಿಗೆ ಸರಿಸುತ್ತಾರೆ. ಬರ್ನಿಷರು ಅರದಂತೆ ಲೋಹವನ್ನು ಹೆರೆದು ತೆಗೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಒತ್ತಿ ನಯಗೊಳಿಸಿ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಬಿಲ್ಲಿಗೆ ದಾರದ ಬದಲು ಕುದುರೆಯ ಕೂದಲನ್ನೇ ಕಟ್ಟುವುದಕ್ಕೆ ಕಾರಣವಿದೆ: ಕೈ ತಪ್ಪಿ ಪಿವಟ್ ಸಿಕ್ಕಿಕೊಂಡರೆ ಅದು ಮುರಿಯುವ ಮೊದಲು ಕೂದಲು ಜಾರುತ್ತದೆ, ಇಲ್ಲವೇ ತುಂಡಾಗುತ್ತದೆ. ನಿಮ್ಮ ಬಿಲ್ಲಿನ ಕೂದಲನ್ನು ಮುಟ್ಟಿ ನೋಡಿ ತಿಳಿಸಿ.

ಉತ್ತರ: ಜಾಲಹಳ್ಳಿಯ ನಿವೃತ್ತ

ವಾಚಿನ ಕೆಲಸದಲ್ಲೇ ಕೂದಲು ನರೆಸಿಕೊಂಡವನು ನಾನು. ಎರಡು ಪೆಟ್ಟಿಗೆಗಳನ್ನು ಬೆರೆಸದೆ ಬೇರೆಬೇರೆಯಾಗಿಯೇ ಇಡಿ ಎನ್ನುವುದಕ್ಕಾಗಿ ಬರೆಯುತ್ತಿದ್ದೇನೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು; ನಿಮ್ಮ ತುಮಕೂರಿನ ಕಾರ್ಖಾನೆ ಬಂದದ್ದು 1978ರಲ್ಲಿ. ಜನತಾ, ಪೈಲಟ್‌ನಂಥ ವಾಚುಗಳ ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಹೊಂದುತ್ತಿದ್ದವು. ಅಚ್ಚು ಮುರಿದರೆ ಹೊಸ ಅಚ್ಚನ್ನು ತಂದು ಸ್ಟೇಕಿಂಗ್ ಸೆಟ್ಟಿನಲ್ಲಿ ಹಾಕಿದರೆ ಮುಗಿಯಿತು. ಡಯಲಿನ ಮೇಲೆ ಪ್ಯಾರಾಶಾಕ್ ಎಂದು ಬರೆದಿರುವುದನ್ನು ನೋಡಿರಬಹುದು: ತುದಿಯ ಜ್ಯುವೆಲ್ಲನ್ನು ಸ್ಪ್ರಿಂಗಿನ ಆಸರೆಯಲ್ಲಿ ಹಿಡಿದಿರುವುದರಿಂದ ವಾಚು ಕೆಳಗೆ ಬಿದ್ದರೂ ಪಿವಟ್ ಸುಲಭವಾಗಿ ಮುರಿಯುತ್ತಿರಲಿಲ್ಲ. ಆದ್ದರಿಂದ ಸ್ಟೇಕಿಂಗ್ ಸೆಟ್ಟೂ ಜ್ಯುವೆಲ್ ಪ್ರೆಸ್ಸೂ ನಿಮ್ಮ ದೊಡ್ಡಪ್ಪನವರ ದಿನನಿತ್ಯದ ಕೆಲಸಕ್ಕೆ ಹೊಂದುತ್ತವೆ. ಡೆಪ್ತಿಂಗ್ ಟೂಲೂ ದೂಜಿಯೆಮ್ ಗೇಜೂ ಬಿಡಿಭಾಗ ಸಿಗದೆ ಇದ್ದುದನ್ನೇ ದುರಸ್ತಿ ಮಾಡಬೇಕಾಗಿದ್ದವರ ಸಲಕರಣೆಗಳು. ಗುರುಗಳು ಜೇಬುಗಡಿಯಾರಗಳನ್ನು ನೋಡುತ್ತಿದ್ದರೆಂದು ಊಹಿಸಬಹುದು.

ಕಂದು ಪುಡಿಯ ಸೀಸೆಯ ಬಗ್ಗೆ ಯಾರೂ ಮಾತನಾಡಲಿಲ್ಲವೆಂಬುದು ನನಗೆ ಆತಂಕ ತಂದಿದೆ. ಅದರ ಮುಚ್ಚಳವನ್ನು ಖಂಡಿತ ತೆರೆಯಬೇಡಿ. ಅದು ಹೊಳಪು ಕೊಡುವ ಕೆಂಪು ರೂಜ್ ಇರಬಹುದು, ಅಪಾಯವಿಲ್ಲ. ಆದರೆ ಕತ್ತಲಲ್ಲಿ ಹೊಳೆಯಲು ಮುಳ್ಳುಗಳಿಗೆ ಹಚ್ಚುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಬಣ್ಣವೂ ಆಗಿರಬಹುದು. ಕತ್ತಲಲ್ಲಿ ಹೊಳೆಯುತ್ತಿಲ್ಲವೆಂದು ಸಮಾಧಾನಪಡುವಂತಿಲ್ಲ: ಹೊಳಪು ಕೊಡುವ ಸತುವಿನ ಸಲ್ಫೈಡ್ ಕೆಲವು ದಶಕಗಳಲ್ಲಿ ಸತ್ತುಹೋಗುತ್ತದೆ, ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಸೀಸೆಯನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಯಾರೂ ಮಲಗದ ಕೋಣೆಯಲ್ಲಿಟ್ಟು, ಕೈ ತೊಳೆದುಕೊಳ್ಳಿ. ವಿಲೇವಾರಿಯ ಬಗ್ಗೆ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಕೇಳಿ.

ಪ್ರಶ್ನೆ ಕೇಳಿದವರ ಮರುಮಾತು: ತುಮಕೂರಿನವಳು

ಮೂವರಿಗೂ ಕೃತಜ್ಞತೆಗಳು. ಸೀಸೆಯನ್ನು ಹೇಳಿದಂತೆಯೇ ಕಟ್ಟಿ ಹಿತ್ತಲಿನ ಉಗ್ರಾಣದಲ್ಲಿಟ್ಟಿದ್ದೇನೆ. ಪತ್ರವನ್ನು ನಾಳೆ ಬರೆಯುತ್ತೇನೆ. ಎಂಟರ ಆಕಾರದವುಗಳಲ್ಲಿ ಒಂದಕ್ಕೆ ಕುಳಿಗಳಿವೆ, ಇನ್ನೊಂದಕ್ಕೆ ಗೆರೆಗಳಿವೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ 2 ಮಿಲಿಮೀಟರಿನ ಡ್ರಿಲ್ ಬಿಟ್ ತಂದು ದವಡೆಯಲ್ಲಿ ಹಿಡಿದೆ; ಮುಳ್ಳು ಹತ್ತೂವರೆ ದಾಟಿ, ಹನ್ನೊಂದಕ್ಕೆ ಮುಟ್ಟದೆ ನಿಂತಿತು. ಬಿಲ್ಲಿನಲ್ಲಿ ಈಗಿರುವುದು ಕೂದಲಲ್ಲ, ನೈಲಾನ್ ಎಳೆ. ಆದರೆ ಅದರಡಿಯ ಗಂಟಿನಲ್ಲಿ ಕಪ್ಪಗಿನ ಮೂರು ಒರಟು ಕೂದಲುಗಳು ಇನ್ನೂ ಸಿಕ್ಕಿಕೊಂಡಿವೆ. ಅವನ್ನು ಬಿಡಿಸದೆ ಹಾಗೆಯೇ ಬಿಟ್ಟಿದ್ದೇನೆ.