‘ವಲ್ನರಬಲ್’ ಮಕ್ಕಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಲಾಕ್‌ಡೌನ್‌ನಲ್ಲಿ ಇಂಗ್ಲೆಂಡಿನ ಶಾಲೆಗಳು ಹೇಗೆ ನಡೆದವು ಅಂತ ಬೆಂಗಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಮ್ಮುಗಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ‘ವಲ್ನರಬಲ್’ ಮಕ್ಕಳು, ಅಂದರೆ ಸುಲಭವಾಗಿ ಅಪಾಯಕ್ಕೆ ಸಿಲುಕಬಹುದಾದ ಮಕ್ಕಳು, ಅನ್ನುವುದಕ್ಕೆ ಸರಿಯಾದ ಮಾತು ಸಿಗುತ್ತಿಲ್ಲ.

2020ರ ಮಾರ್ಚ್‌ನಲ್ಲಿ ಅಲ್ಲಿ ಶಾಲೆಗಳು ಪೂರ್ತಿ ಮುಚ್ಚಲಿಲ್ಲ. ಆಸ್ಪತ್ರೆಯಂಥ ಕಡೆ ದುಡಿಯುವವರ ಮಕ್ಕಳು ಬರಬಹುದಿತ್ತು. ಜೊತೆಗೆ ಈ ‘ವಲ್ನರಬಲ್’ ಮಕ್ಕಳೂ. ಅಂದರೆ ಸೋಶಿಯಲ್ ವರ್ಕರ್ ಉಸ್ತುವಾರಿಯಲ್ಲಿರುವವರು, ವಿಶೇಷ ಅಗತ್ಯವಿದೆ ಅಂತ ಸರ್ಕಾರಿ ಯೋಜನೆಪತ್ರ ಇರುವವರು. 2021ರ ಜನವರಿಯಲ್ಲಿ ಮತ್ತೆ ಬಾಗಿಲು ಹಾಕಿದಾಗ, ಲ್ಯಾಪ್‌ಟಾಪ್ ಇಲ್ಲದ, ಕೂತು ಓದಲು ಜಾಗವಿಲ್ಲದ ಮಕ್ಕಳನ್ನೂ ಸೇರಿಸಿಕೊಳ್ಳಬಹುದು ಎಂದರು.

ಪತ್ರಿಕೆಗಳು ಸುಮ್ನೆ ‘ದುರ್ಬಲ’ ಅಂತ ಬರೆದುಬಿಡುತ್ತವೆ. ನಮ್ಮ ಸ್ಟಾಫ್‌ರೂಮಿನಲ್ಲಿ ದುರ್ಬಲ ವಿದ್ಯಾರ್ಥಿ ಅಂದರೆ ಮಗ್ಗಿ ಬಾರದ ಹುಡುಗ. ಓದಿನಲ್ಲಿ ಚುರುಕಾದ ಹುಡುಗಿಯೂ ಮನೆಯಲ್ಲಿ ದಿನಾ ಏಟು ತಿನ್ನುತ್ತಿರಬಹುದು, ಅಲ್ವಾ? ‘ಅವಕಾಶ ವಂಚಿತ’ ಅಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ನೆನಪಾಗುತ್ತದೆ. ಅದು ಮುಖ್ಯವಾಗಿ ಸಮುದಾಯಗಳ ಮಾತು. ಇಲ್ಲಿ ಬೇಕಿರುವುದು ಒಂದೊಂದು ಮಗುವಿನ ಮಾತು. ಉಳ್ಳವರ ಮನೆಯ ಮಗುವಿಗೂ ಅಪಾಯ ಇರುತ್ತದೆ. ‘ಆಸರೆ ಬೇಕಾದ’ ಅಂದರೆ ಅನಾಥರು ಅಂದುಕೊಳ್ಳುತ್ತಾರೆ. ‘ನಿಗಾ’ ಅನ್ನೋಣವೆಂದರೆ ಐಸಿಯು ನೆನಪಾಗುತ್ತದೆ.

ಕೊರೊನಾ ಕಾಲದಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡಿದ ವಿದ್ಯಾಗಮದ ದಿನಗಳಲ್ಲಿ ಗುಡಿಯ ಜಗಲಿ ಮೇಲೆ ಪಾಠ ಮಾಡಿದ ಮೇಡಂ ಒಬ್ಬರನ್ನು ಕೇಳಿದೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳು ಖಾಲಿಯಾಗಿದ್ದವಂತೆ. ಉಳಿದವರಲ್ಲಿ ಒಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರುತ್ತಿದ್ದಳಂತೆ. ಅಂಥವರಿಗೆ ಏನಂತೀರಿ ಅಂದೆ. “ಒಂದು ಕಣ್ಣಿಡಬೇಕಾದ ಮಕ್ಕಳು” ಅಂದರು. ನನಗೆ ಇದೇ ಜಾಸ್ತಿ ಹಿಡಿಸಿದೆ. ದೋಷ ಮಗುವಿನ ಮೇಲೆ ಬೀಳುವುದಿಲ್ಲ, ಹೊಣೆ ದೊಡ್ಡವರದಾಗುತ್ತದೆ. ಆದರೆ ಕಚೇರಿಯ ಕಾಗದದಲ್ಲಿ ನಿಲ್ಲುತ್ತದೆಯೇ?

ಇನ್ನೊಂದು ಪ್ರಶ್ನೆ. ಮನೆಯಲ್ಲೇ ಇರಿ ಅಂತ ತಾವೇ ಹೇಳಿದ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಹಾಜರಿ ಪುಸ್ತಕದಲ್ಲಿ ‘ಎಕ್ಸ್’ ಗುರುತು ಹಾಕಿದರು, ಗೈರಿನ ಲೆಕ್ಕಕ್ಕೆ ಸೇರಿಸಲಿಲ್ಲ. ನಮ್ಮಲ್ಲಿ ‘ಹಾಜರು’, ‘ಗೈರು’ ಎರಡೇ. ‘ಗೈರು’ ಅಂದ ಕೂಡಲೇ ತಪ್ಪು ಮಗುವಿನದು ಅನ್ನಿಸುತ್ತದೆ. ‘ವಿನಾಯಿತಿ’ ಅನ್ನಬಹುದೇ?

ಅಂಗನವಾಡಿಯಲ್ಲಿ, 1098 ಮಕ್ಕಳ ಸಹಾಯವಾಣಿಯಲ್ಲಿ ಕೆಲಸ ಮಾಡಿದವರು ನಮ್ಮಲ್ಲಿದ್ದರೆ, ನೀವು ನೀವೇ ಮಾತಾಡುವಾಗ ಈ ಮಕ್ಕಳಿಗೆ ಏನನ್ನುತ್ತೀರಿ ಅಂತ ದಯವಿಟ್ಟು ತಿಳಿಸಿ. ಕಾಗದದ ಮಾತು ಬೇಡ, ಬಾಯಿಮಾತೇ ಬೇಕು.